ಸಿಪ್ಯಾನೆಲ್‌ನ ಜುಪಿಟರ್ ಡ್ಯಾಶ್‌ಬೋರ್ಡ್: ಅಂಕಿಗಳು ಮುಂದೆ, ಕಾರಣ ಹಿಂದೆ

ಹೋಸ್ಟಿಂಗ್ ಗ್ರಾಹಕರು ತಮ್ಮ ಸೈಟ್, ಮೇಲ್ ನೋಡಿಕೊಳ್ಳುವ ನಿಯಂತ್ರಣ ಫಲಕವಾದ ಸಿಪ್ಯಾನೆಲ್‌ಗೆ ಲಾಗಿನ್ ಆಗುವುದು ಹೆಚ್ಚಾಗಿ ಏನಾದರೂ ಕೈಕೊಟ್ಟಾಗ. ಸೈಟ್ ನಿಧಾನ, ಮೇಲ್ ಬರುತ್ತಿಲ್ಲ, ಬ್ರೌಸರ್ ‘ಸುರಕ್ಷಿತವಲ್ಲ’ ಅನ್ನುತ್ತಿದೆ. ಏನು ಕೆಟ್ಟಿದೆ ಎಂದು ಮೊದಲ ಪುಟ ತಾನಾಗಿಯೇ ಹೇಳುತ್ತದೆಯೇ ಎಂಬುದೇ ಅದರ ಪರೀಕ್ಷೆ. ಅದರ ಪುಟಗಳ ಹಳೆಯ ವಿನ್ಯಾಸವಾದ ಪೇಪರ್ ಲ್ಯಾಂಟರ್ನ್ ಥೀಮ್‌ನ ಜಾಗಕ್ಕೆ ಬಂದ ಜುಪಿಟರ್ ನೋಡಲು ಅಚ್ಚುಕಟ್ಟು, ಫೋನಿನಲ್ಲೂ ಸಲೀಸು. ಈ ಪರೀಕ್ಷೆಯಲ್ಲಿ ಮಾತ್ರ ಅದು ಅರ್ಧ ದಾರಿಗೇ ನಿಲ್ಲುತ್ತದೆ.

ಹುಡುಕಾಟ ಚೆನ್ನಾಗಿದೆ. ಕೀಬೋರ್ಡಿನಲ್ಲಿ ಸ್ಲ್ಯಾಶ್ ಒತ್ತಿ ಹೆಸರಿನ ಮೂರು ಅಕ್ಷರ ಹೊಡೆದರೆ ಬೇಕಾದ ಟೂಲ್ ಎದುರಿಗೆ ಬರುತ್ತದೆ. ಅಷ್ಟೊಂದು ಐಕಾನ್‌ಗಳ ನಡುವೆ ಇದು ದೊಡ್ಡ ಅನುಕೂಲ.

ತೊಡಕು ಇರುವುದು ಬದಿಯ ಸ್ಟ್ಯಾಟಿಸ್ಟಿಕ್ಸ್ ಪಟ್ಟಿಯಲ್ಲಿ. ಪ್ರತಿ ಖಾತೆಗೂ ಬಳಕೆಯ ಮಿತಿ ಹಾಕುವ ಕ್ಲೌಡ್‌ಲಿನಕ್ಸ್ ಇರುವ ಸರ್ವರ್‌ಗಳಲ್ಲಿ ಡಿಸ್ಕ್, ಬ್ಯಾಂಡ್‌ವಿಡ್ತ್ ಜೊತೆಗೆ ಸಿಪಿಯು, ಮೆಮೊರಿ, ಐಒ (ಡಿಸ್ಕ್ ಓದು-ಬರಹದ ವೇಗ), ಎಂಟ್ರಿ ಪ್ರೊಸೆಸ್ ಕೂಡ ಅಲ್ಲಿ ಕಾಣುತ್ತವೆ. ಆದರೆ ಈ ಕೊನೆಯ ನಾಲ್ಕೂ ನೀವು ನೋಡಿದ ಕ್ಷಣದ ಲೆಕ್ಕ. ಬೆಳಿಗ್ಗೆ ಎಂಟ್ರಿ ಪ್ರೊಸೆಸ್ ಮಿತಿ ಮುಟ್ಟಿ ಸೈಟ್ 508 ಎರರ್ ಕೊಟ್ಟಿದ್ದರೂ ಮಧ್ಯಾಹ್ನ ನೋಡಿದಾಗ ಎಂಟ್ರಿ ಪ್ರೊಸೆಸ್ ‘2 / 20’ ಎಂದು ನೆಮ್ಮದಿಯಾಗಿರುತ್ತದೆ. ಗ್ರಾಹಕ ಎಲ್ಲ ಸರಿಯಿದೆ ಅಂದುಕೊಳ್ಳುತ್ತಾನೆ.

ಈ 20ರ ಅರ್ಥವನ್ನೂ ಪುಟ ಬಿಡಿಸಿ ಹೇಳುವುದಿಲ್ಲ. ಅದು 20 ಮಂದಿ ಭೇಟಿಗಾರರಲ್ಲ. ಒಂದೇ ಹೊತ್ತಿಗೆ ಒಳಗೆ ಓಡುತ್ತಿರುವ 20 ಕೋರಿಕೆಗಳು, ಹೆಚ್ಚಾಗಿ ಪುಟ ತಯಾರಿಸುವ ಪಿಎಚ್‌ಪಿ ಪ್ರೋಗ್ರಾಂನವು. ಚಿತ್ರ, ಸಿಎಸ್‌ಎಸ್ ಫೈಲುಗಳು ಇದರಲ್ಲಿ ಸೇರುವುದಿಲ್ಲ. ಒಂದು ಕೋರಿಕೆ ಅರ್ಧ ಸೆಕೆಂಡಿನಲ್ಲಿ ಮುಗಿದರೆ ಸೆಕೆಂಡಿಗೆ 40 ಸಾಗುತ್ತವೆ. ಅದೇ ಯಾವುದೋ ಪ್ಲಗಿನ್ ಹೊರಗಿನ ಸರ್ವರ್‌ನ ಉತ್ತರಕ್ಕೆ 10 ಸೆಕೆಂಡು ಕಾದರೆ ಸೆಕೆಂಡಿಗೆ ಎರಡೇ. ಉಳಿದವರಿಗೆ 508. ಸಿಪಿಯು ಅಥವಾ ಐಒ ಮಿತಿ ಮುಟ್ಟಿದರೆ ಸೈಟ್ ಬರೀ ನಿಧಾನವಾಗುತ್ತದೆ. ಮೆಮೊರಿ ಮಿತಿ ಮುಟ್ಟಿದರೆ 500 ಅಥವಾ 503 ಎರರ್. ಮೊದಲ ಪುಟದಲ್ಲಿ ಎಲ್ಲಕ್ಕೂ ಒಂದೇ ಬಗೆಯ ಪಟ್ಟಿ, ಒಂದೇ ಬಗೆಯ ಶೇಕಡಾ.

ಬೇಸರವೆಂದರೆ, ಬೇಕಾದ ಮಾಹಿತಿ ಒಳಗೆ ಇದ್ದೇ ಇದೆ. ‘ರಿಸೋರ್ಸ್ ಯೂಸೇಜ್’ ತೆರೆದರೆ ಕಳೆದ 24 ಗಂಟೆಗಳಲ್ಲಿ ಮಿತಿ ಮುಟ್ಟಿತೇ, ಯಾವ ಮಿತಿ ಎಂಬುದು ನೇರವಾಗಿ ಸಿಗುತ್ತದೆ. ಅಲ್ಲಿನ ‘ಸ್ನ್ಯಾಪ್‌ಶಾಟ್’ನಲ್ಲಿ ಆ ಹೊತ್ತಿಗೆ ಓಡುತ್ತಿದ್ದ ಪ್ರೊಸೆಸ್‌ಗಳೂ ಡೇಟಾಬೇಸ್ ಕ್ವೆರಿಗಳೂ ಇರುತ್ತವೆ. ಆ 24 ಗಂಟೆಯ ಒಂದು ಸಾಲು ಮೊದಲ ಪುಟದ ತಲೆಯಲ್ಲಿರಬೇಕಿತ್ತು.

ಡಿಸ್ಕ್‌ನ ಕಥೆಯೂ ಹೀಗೆಯೇ. ಕೋಟಾದ ಶೇಕಡಾ ಕಾಣುತ್ತದೆ, ತುಂಬಿಸಿದ್ದು ಯಾವುದು ಎಂಬುದು ಕಾಣುವುದಿಲ್ಲ. ತುಂಬಿದಾಗ ಹೊಸ ಮೇಲ್ ವಾಪಸ್ ಹೋಗುತ್ತದೆ, ವರ್ಡ್‌ಪ್ರೆಸ್ ಅಪ್‌ಡೇಟ್ ನಡುವೆಯೇ ನಿಲ್ಲುತ್ತದೆ. ಮೊದಲು ನೋಡಬೇಕಾದ ಜಾಗಗಳು: ಫೈಲ್ ಮ್ಯಾನೇಜರ್‌ನಲ್ಲಿ ಅಳಿಸಿದ್ದೆಲ್ಲ ಹೋಗಿ ಕೂರುವ ಟ್ರ್ಯಾಶ್, ಫುಲ್ ಬ್ಯಾಕಪ್ ತೆಗೆದಾಗ ಹೋಮ್ ಡೈರೆಕ್ಟರಿಯಲ್ಲೇ ಉಳಿದ ಟಾರ್ ಫೈಲುಗಳು, ಬೆಳೆಯುತ್ತಲೇ ಹೋಗುವ ಪಿಎಚ್‌ಪಿ ಎರರ್ ಲಾಗ್, ವರ್ಷಗಟ್ಟಲೆ ತೆರವಾಗದ ಮೇಲ್‌ಬಾಕ್ಸ್. ಮೇಲ್‌ಬಾಕ್ಸ್ ಇನೋಡ್ ಲೆಕ್ಕವನ್ನೂ (ಅಂದರೆ ಫೈಲುಗಳ ಎಣಿಕೆಯನ್ನೂ) ಏರಿಸುತ್ತದೆ, ಯಾಕೆಂದರೆ ಮೇಲ್‌ಡಿರ್ ಪದ್ಧತಿಯಲ್ಲಿ ಒಂದೊಂದು ಮೇಲೂ ಒಂದೊಂದು ಫೈಲ್.

ಬ್ರೌಸರ್ ಸೈಟನ್ನು ‘ಸುರಕ್ಷಿತ’ ಎಂದು ನಂಬಲು ಬೇಕಾದ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ವಿಚಾರದಲ್ಲಿ ಮುಖ್ಯ ಡೊಮೈನ್‌ನ ಸ್ಥಿತಿ ಮಾತ್ರ ಎದುರಿಗಿದೆ. ಉಳಿದವಕ್ಕೆ ‘ಎಸ್‌ಎಸ್‌ಎಲ್/ಟಿಎಲ್‌ಎಸ್ ಸ್ಟೇಟಸ್’ಗೆ ಹೋಗಬೇಕು. ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನಗಳ ಸರ್ಟಿಫಿಕೇಟ್ ಸಿಪ್ಯಾನೆಲ್‌ನ ಆಟೋಎಸ್‌ಎಸ್‌ಎಲ್‌ನಿಂದ ತಾನಾಗಿ ನವೀಕರಣವಾಗಬೇಕು. ಡೊಮೈನ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎ ರೆಕಾರ್ಡ್ ಬೇರೆ ಸರ್ವರ್‌ಗೆ ತಿರುಗಿದ್ದರೆ, ಅಥವಾ ಸೈಟಿನ ನಿಯಮಗಳಿರುವ ಎಚ್‌ಟಿಆ್ಯಕ್ಸೆಸ್ ಫೈಲಿನ ಸಾಲೊಂದು ಡೊಮೈನ್ ಪರಿಶೀಲನೆಯ ಕೋರಿಕೆಯನ್ನು ತಡೆದರೆ ನವೀಕರಣ ಆಗದೇ ಹೋಗಬಹುದು. ಈ ವಿಷಯದಲ್ಲಿ ಇನ್ನೊಂದು ನಿಯಂತ್ರಣ ಫಲಕವಾದ ಪ್ಲೆಸ್ಕ್ ಮೇಲು: ಪ್ರತಿ ಡೊಮೈನ್‌ಗೂ ಅದರದೇ ಕಾರ್ಡ್, ಸರ್ಟಿಫಿಕೇಟ್ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ನಾಲ್ಕಾರು ಸೈಟ್ ನಡೆಸುವವರಿಗೆ ನಮ್ಮ ಆಯ್ಕೆ ಅದೇ.

ಸಿಪ್ಯಾನೆಲ್ ಕೊಡುವ ಹೋಸ್ಟಿಂಗ್ ಕಂಪನಿಗಳು ಸುಮ್ಮನೆ ಕೂರಬೇಕಿಲ್ಲ. ಸರ್ವರ್ ನಡೆಸುವವರ ಫಲಕವಾದ ಡಬ್ಲ್ಯುಎಚ್‌ಎಂನಲ್ಲಿ ‘ಪ್ಯಾಕೇಜಸ್’ ಅಡಿಯ ‘ಫೀಚರ್ ಮ್ಯಾನೇಜರ್’ ತೆರೆದು ಹೊಸ ಪಟ್ಟಿ ಮಾಡಿ, ಆ ಪ್ಯಾಕೇಜಿನ ಗ್ರಾಹಕರು ಮುಟ್ಟದ ಟೂಲ್‌ಗಳ ಟಿಕ್ ತೆಗೆಯಿರಿ. ಆಮೇಲೆ ‘ಎಡಿಟ್ ಎ ಪ್ಯಾಕೇಜ್’ನಲ್ಲಿ ಆ ಪಟ್ಟಿಯನ್ನು ಆರಿಸಿ. ರಿಸೋರ್ಸ್ ಯೂಸೇಜ್, ಡಿಸ್ಕ್ ಯೂಸೇಜ್, ಎಸ್‌ಎಸ್‌ಎಲ್ ಸ್ಟೇಟಸ್, ಮೇಲ್‌ನ ‘ಟ್ರ್ಯಾಕ್ ಡೆಲಿವರಿ’ ಈ ನಾಲ್ಕನ್ನು ಮಾತ್ರ ತೆಗೆಯಬೇಡಿ. ಪ್ರಶ್ನೆಗಳು ಕಡಿಮೆಯಾಗಲಿ ಎಂದು ಇವನ್ನು ಮುಚ್ಚಿಟ್ಟರೆ ‘ಸೈಟ್ ಯಾಕೆ ನಿಧಾನ’ ಎಂಬ ಟಿಕೆಟ್‌ಗಳು ಇನ್ನೂ ಹೆಚ್ಚುತ್ತವೆ. ಬದಲಾವಣೆ ಮುಗಿದ ಮೇಲೆ ಸರ್ವರ್‌ನ ಮುಖ್ಯ ಖಾತೆಯಾದ ರೂಟ್‌ನಿಂದಲ್ಲ, ಅದೇ ಪ್ಯಾಕೇಜಿನ ಪರೀಕ್ಷಾ ಖಾತೆಯೊಂದರಿಂದ ಪೋರ್ಟ್ 2083ಕ್ಕೆ ಲಾಗಿನ್ ಆಗಿ, ಗ್ರಾಹಕರ ಕಣ್ಣಿಗೆ ಕಾಣುವ ಪುಟವನ್ನೇ ನೋಡಿ.