ಲಡಾಖ್ ಪ್ರವಾಸದ ‘ಸನ್‌ಸ್ಕ್ರೀನ್ ಕಿಟ್‌’ಗೆ ದುಡ್ಡು ಕೊಡಬೇಡಿ

ಬೆಂಗಳೂರಿನ ಒಂದು ಪ್ರವಾಸ ಸಂಸ್ಥೆಯವರು ಲಡಾಖ್ ಪ್ಯಾಕೇಜಿನ ಜೊತೆಗೆ ‘ಸನ್‌ಸ್ಕ್ರೀನ್ ಕಿಟ್’ ಎಂದು ತಲೆಗೆ 900 ರೂಪಾಯಿ ಬೇರೆಯಾಗಿ ವಸೂಲಿ ಮಾಡುತ್ತಾರೆ. ದಯವಿಟ್ಟು ಕೊಡಬೇಡಿ. ದುಡ್ಡೂ ಕೊಟ್ಟು ಮುಖವನ್ನೂ ಸುಟ್ಟುಕೊಂಡವಳು ಹೇಳುತ್ತಿದ್ದೇನೆ, ಕೊಡಬೇಡಿ.

ಕಿಟ್ ಕೈಗೆ ಬಂದದ್ದು ಲೇಹ್‌ನಲ್ಲಿ. ಒಂದು ಬಿಳಿ ಟ್ಯೂಬು, ಅದರ ಮೇಲೆ ಸೂರ್ಯನ ಚಿತ್ರದ ಸ್ಟಿಕರ್. ಒಂದು ಕಪ್ಪು ಕನ್ನಡಕ. ಅದನ್ನೇ ಬಳಿದುಕೊಂಡು ಖರ್ದುಂಗ್ ಲಾ ಹತ್ತಿದೆವು, ಆಮೇಲೆ ಪ್ಯಾಂಗಾಂಗ್ ಸರೋವರ. ಸ್ವೆಟರ್ ಹಾಕಿಕೊಂಡರೂ ನಡುಕ. ಅಂಥ ಚಳಿಯಲ್ಲಿ ಬಿಸಿಲು ಸುಡುತ್ತಿರುವುದು ಮೈಗೆ ತಿಳಿಯುವುದೇ ಇಲ್ಲ. ನೇರಳಾತೀತ ಕಿರಣಕ್ಕೆ ಸೆಕೆ ಬೇಕಾಗಿಲ್ಲ. ಸಾವಿರ ಮೀಟರ್ ಮೇಲೇರಿದರೆ ಅದು ಸುಮಾರು ಶೇ 10ರಷ್ಟು ಹೆಚ್ಚುತ್ತದೆ, ಪ್ಯಾಂಗಾಂಗ್ ಇರುವುದು 4,200 ಮೀಟರ್‌ಗೂ ಮೇಲೆ. ಹೊಸ ಹಿಮವಂತೂ ಬಿದ್ದ ಕಿರಣದಲ್ಲಿ ಶೇ 80ರವರೆಗೆ ಮತ್ತೆ ಮುಖಕ್ಕೇ ಎಸೆಯುತ್ತದೆ. ಪ್ರತಿ ಬೇಸಿಗೆ ಜನರನ್ನು ಅಲ್ಲಿಗೆ ಕರೆದೊಯ್ಯುವವರಿಗೆ ಇದು ಗೊತ್ತಿರುವುದಿಲ್ಲವೇ?

ನಾದಿನಿ ಬೆಳ್ಳಗಿದ್ದಾಳೆ. ಸಂಜೆಯೊಳಗೆ ಅವಳ ಕೆನ್ನೆ, ಮೂಗು ಕೆಂಪೇರಿ ಊದಿಕೊಂಡವು. ನನ್ನದು ಎಣ್ಣೆಗಪ್ಪು. ಕೆಂಪು ಕಾಣಲಿಲ್ಲ, ಆದರೆ ರಾತ್ರಿಯಿಡೀ ಉರಿ, ಚರ್ಮ ಬಿಗಿದು ಬಾಯಿ ತೆರೆಯಲೂ ಕಷ್ಟ. ಸಂಶಯ ಬಂದು ಟ್ಯೂಬಿನ ಸ್ಟಿಕರನ್ನು ಉಗುರಿನಿಂದ ಕೆರೆದೆ. ಅರ್ಧ ಹರಿಯಿತು, ಅರ್ಧ ಅಂಟಿಕೊಂಡಿತು, ಅಡಿಯಲ್ಲಿ ಅಕ್ಷರ ಕಂಡಿತು: ‘ಬಾಡಿ ಲೋಷನ್’. ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ ಎಸ್‌ಪಿಎಫ್ ಇಲ್ಲ, ಪಿಎ ಇಲ್ಲ, ಏನೂ ಇಲ್ಲ. ಮೂರು ಹೊತ್ತೂ ಶ್ರದ್ಧೆಯಿಂದ ಹಚ್ಚಿಕೊಂಡದ್ದು ಬಾಡಿ ಲೋಷನ್!

ಮ್ಯಾನೇಜರನಿಗೆ ಫೋನ್ ಮಾಡಿದರೆ, “ಮೇಡಂ, ನಮ್ಮ ಬಣ್ಣದವರಿಗೆ ಬಿಸಿಲು ಸುಡುವುದಿಲ್ಲ, ಅದೆಲ್ಲ ವಿದೇಶಿಯರಿಗೆ” ಎಂದ. ಹಾಗಾದರೆ 900 ರೂಪಾಯಿ ಯಾತಕ್ಕೆ ಕಿತ್ತುಕೊಂಡಿರಿ ಸ್ವಾಮಿ? ಫೋಟೋ ಕಳಿಸಿದೆ. “ನಿಮ್ಮ ಮುಖದಲ್ಲಿ ಕೆಂಪೇ ಇಲ್ಲವಲ್ಲ ಮೇಡಂ” ಎಂಬ ಉತ್ತರ, ಕೊನೆಗೊಂದು ಕೈಮುಗಿದ ಚಿತ್ರ ಬೇರೆ. ವಾರದಲ್ಲಿ ಹಣೆಯ ಸಿಪ್ಪೆ ಎದ್ದಿತು. ಕಚೇರಿಯಲ್ಲಿ ಕಂಡಕಂಡವರಿಗೆಲ್ಲ ವಿವರಣೆ ಕೊಟ್ಟು ಸಾಕಾಯಿತು.

ಚರ್ಮದ ವೈದ್ಯರು ಹೇಳಿದ್ದನ್ನು ಆ ಮ್ಯಾನೇಜರನೂ ಓದಲಿ. ಬಿಸಿಲಿಗೆ ಎಷ್ಟು ಸುಡುತ್ತದೆ, ಎಷ್ಟು ಕಪ್ಪಾಗುತ್ತದೆ ಎಂಬುದನ್ನು ನೋಡಿ ಫಿಟ್ಸ್‌ಪ್ಯಾಟ್ರಿಕ್ ಮಾಪನದಲ್ಲಿ ಚರ್ಮವನ್ನು ಆರು ಬಗೆ ಮಾಡಿದ್ದಾರೆ. ನಮ್ಮಲ್ಲಿ ಬಹಳಷ್ಟು ಜನ ನಾಲ್ಕು, ಐದನೆಯ ಬಗೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವುದರಿಂದ ತಡವಾಗಿ ಸುಡುತ್ತದೆ, ಸುಡದೇ ಬಿಡುವುದಿಲ್ಲ. ಕೆಂಪು ಕಣ್ಣಿಗೆ ಕಾಣದು, ಅಷ್ಟೇ.

ಕನ್ನಡಕದ ಕಥೆಯೂ ಅದೇ. ಕನ್ನಡಕದ ಅಂಗಡಿಯವರು ಯಂತ್ರಕ್ಕಿಟ್ಟು ನೋಡಿ ಇದು ಬರೀ ಬಣ್ಣದ ಪ್ಲಾಸ್ಟಿಕ್, ನೇರಳಾತೀತ ಕಿರಣ ತಡೆಯುವುದಿಲ್ಲ ಎಂದರು. ಕಪ್ಪು ಗಾಜಿನ ಹಿಂದೆ ಪಾಪೆ ಹಿಗ್ಗಿ ಕಿರಣ ಇನ್ನಷ್ಟು ಒಳಗೆ ಹೋಗುತ್ತದಂತೆ. ಅದಕ್ಕಿಂತ ಬರಿಗಣ್ಣೇ ವಾಸಿ!

ಹೋಗುವವರು ಊರಿನ ಔಷಧಿ ಅಂಗಡಿಯಲ್ಲೇ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ, ಪಿಎ+++ ಎಂದು ಅಚ್ಚಾಗಿರುವ ಟ್ಯೂಬು ಕೊಳ್ಳಿ, ಎರಡು ಗಂಟೆಗೊಮ್ಮೆ ಹಚ್ಚಿ. ಕನ್ನಡಕದ ಮೇಲೆ ನೇರಳಾತೀತ ಕಿರಣ ತಡೆಯುತ್ತದೆ ಎಂದು ಹೇಳುವ ‘ಯುವಿ 400’ ಗುರುತು ಇರಲಿ. ಸ್ಟಿಕರ್ ಕಂಡರೆ ದುಡ್ಡು ಕೊಡುವ ಮೊದಲೇ ಕಿತ್ತು ನೋಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ನಾನು ದೂರು ಕೊಟ್ಟಾಗಿದೆ. ಸೂರ್ಯನ ಸ್ಟಿಕರಿನ ಟ್ಯೂಬು ನಿಮ್ಮ ಮನೆಯಲ್ಲೂ ಇದ್ದರೆ ಎಸೆಯಬೇಡಿ, ಬಿಲ್ಲಿನ ಜೊತೆ ಇಟ್ಟುಕೊಂಡು ನೀವೂ ದೂರು ಕೊಡಿ.