ಕೇದಾರಕಂಠ ಚಾರಣ: ಮಾರ್ಗದರ್ಶನ ಉತ್ತಮ, ಬಾಡಿಗೆ ಬ್ಯಾಗು ಬೇಡ

ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಕೇದಾರಕಂಠಕ್ಕೆ ಮಕ್ಕಳೊಂದಿಗೆ ಹೋಗಲು ನಾವು ಆರಿಸಿಕೊಂಡ ಚಾರಣ ಸಂಸ್ಥೆಯ ಸೇವೆ ಬಹುಮಟ್ಟಿಗೆ ತೃಪ್ತಿಕರವಾಗಿತ್ತು. ಡೆಹ್ರಾಡೂನಿನಿಂದ ಚಾರಣ ಆರಂಭವಾಗುವ ಸಾಂಕ್ರಿ ಹಳ್ಳಿಗೆ ಸುಮಾರು 200 ಕಿ.ಮೀ. ಬೆಟ್ಟದ ರಸ್ತೆಯಿದ್ದು, ಇಡೀ ದಿನ ಹಿಡಿಯುವ ಈ ಪ್ರಯಾಣದಲ್ಲಿ ವಾಂತಿ ತಡೆಯುವ ಮಾತ್ರೆ ಕೈಗೆಟುಕುವಂತಿರಬೇಕು.

ಮಾರ್ಗದರ್ಶಕರ ಕೆಲಸ ನಿಜಕ್ಕೂ ಮೆಚ್ಚತಕ್ಕದ್ದು. ಸುಮಾರು 12,500 ಅಡಿ ಎತ್ತರದ ಶಿಖರಕ್ಕೆ ಒಮ್ಮೆಲೇ ಏರಿಸದೆ, ಜೂಡಾ ಕಾ ತಾಲಾಬ್ ಎಂಬ ಕೆರೆಯ ಬಳಿ ತಂಗಿಸಿ, ಪ್ರತಿ ಸಂಜೆ ಎಲ್ಲರ ಬೆರಳಿಗೂ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಸಿಕ್ಕಿಸಿ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮಗಳು ತಲೆನೋವೆಂದಾಗ ಬಾಯಿಮಾತಿನ ಸಮಾಧಾನ ಹೇಳಿ ಸಾಗಹಾಕದೆ, ನೀರು ಕುಡಿಸಿ, ಸ್ವಲ್ಪ ಹೊತ್ತು ಕಾದು, ಮತ್ತೊಮ್ಮೆ ಪರೀಕ್ಷಿಸಿದ ಮೇಲೆಯೇ ಮರುದಿನದ ನಿರ್ಧಾರವನ್ನು ತಿಳಿಸಿದರು.

ಕೊರತೆಯಿರುವುದು ಬಾಡಿಗೆ ಸಾಮಾನಿನಲ್ಲಿ. ಬೆನ್ನಿನ ಹೊರೆಯ ಬಹುಪಾಲು ಸೊಂಟದ ಪಟ್ಟಿಯ ಮೇಲೆ ಕೂರಬೇಕು. ಮಗನಿಗೆ ಕೊಟ್ಟ ದೊಡ್ಡವರ ಅಳತೆಯ ಬ್ಯಾಗಿನಲ್ಲಾದರೋ ಪಟ್ಟಿಯನ್ನು ಕೊನೆಯವರೆಗೆ ಎಳೆದರೂ ಅದು ಸಡಿಲವಾಗಿಯೇ ಉಳಿದು, ಭಾರವೆಲ್ಲ ಭುಜಕ್ಕೆ ಬಿದ್ದು, ಮೊದಲ ದಿನವೇ ಹೆಗಲು ಕೆಂಪಾಯಿತು. ಬೇರೆ ಬ್ಯಾಗು ಕೇಳಿದರೆ ಸ್ಟಾಕ್ ಇಲ್ಲವೆಂಬ ಉತ್ತರ ಬಂತು. ಬಾಡಿಗೆಯನ್ನು ಶುಲ್ಕದ ಜೊತೆ ಪ್ರತ್ಯೇಕವಾಗಿ ವಸೂಲು ಮಾಡುವವರು ಇಷ್ಟಾದರೂ ನೋಡಿಕೊಳ್ಳಬೇಡವೇ? ಮಕ್ಕಳ ಬ್ಯಾಗನ್ನು ಊರಿನಲ್ಲಿಯೇ ತುಂಬಿಸಿ, ಹೊರಿಸಿ ನೋಡಿ ಒಯ್ಯುವುದು ಲೇಸು. ಹಿಮದ ಮೇಲೆ ಜಾರದಂತೆ ಬೂಟಿಗೆ ಕಟ್ಟುವ ಮುಳ್ಳುಪಟ್ಟಿಗಳು ಮಾತ್ರ ಗಟ್ಟಿಯಾಗಿದ್ದವು.

ಊಟಕ್ಕೆ ಬಿಸಿ ದಾಲ್, ಅನ್ನ, ರೋಟಿ, ಪಲ್ಯ ಇರುತ್ತಿತ್ತು. ನಾವು ಒಯ್ದಿದ್ದ ಚಟ್ನಿಪುಡಿಯನ್ನು ಅಡುಗೆಯವರೂ ಕೇಳಿ ಹಾಕಿಸಿಕೊಂಡರು.