ಮ್ಯಾಟ್ರಿಮೊನಿ ಆ್ಯಪ್‌ನ ‘ಹೊಂದಾಣಿಕೆ’: ಬಹುಕಾಲದ ಬಳಕೆಯ ನಂತರ, 5ಕ್ಕೆ 3

ಹುಡುಕುವುದಕ್ಕೆ ಒಳ್ಳೆಯದು, ಆರಿಸುವುದಕ್ಕೆ ಅಲ್ಲ.

ಮೊದಲು ‘ಸಂಗಾತಿಯ ನಿರೀಕ್ಷೆ’ ಪುಟ ತಿದ್ದಿ. ಪ್ರೊಫೈಲ್ ತೆರೆದವರು ಅಪ್ಪ-ಅಮ್ಮನಾದರೆ ಅಲ್ಲಿರುವುದು ಅವರ ನಿರೀಕ್ಷೆ. ವಯಸ್ಸು, ಎತ್ತರ, ಒಳಪಂಗಡ, ಸಂಬಳ, ಊರು ಎಂದು ಐದು ಷರತ್ತು ಹಾಕಿ, ಪ್ರತಿಯೊಂದರಲ್ಲೂ ಅರ್ಧ ಜನ ಉಳಿದರು ಅಂದುಕೊಳ್ಳಿ: ಕೊನೆಗೆ ಸಿಗುವುದು 32ರಲ್ಲಿ ಒಬ್ಬರು. ‘ಕಡ್ಡಾಯ’ ಎಂಬ ಗುರುತು ಎರಡಕ್ಕೆ ಸಾಕು. ಮಕ್ಕಳು ಬೇಕೇ, ಹೆತ್ತವರು ಜೊತೆಗಿರುತ್ತಾರೆಯೇ, ಅಡುಗೆಮನೆಗೆ ಮಾಂಸ ಬರಬಹುದೇ ಎಂಬುದನ್ನು ಫಾರಂ ಸರಿಯಾಗಿ ಕೇಳುವುದಿಲ್ಲ. ಮೊದಲ ಎರಡು ಫೋನ್ ಕರೆಗಳಲ್ಲಿ ನೀವೇ ಕೇಳಿ. ಮುಂದೆ ಜಗಳ ಹುಟ್ಟುವ ಭಿನ್ನತೆಗಳು ಇವು.

ಜಾತಕದ ಅಂಕ ನೋಡುವವರಿಗೆ: 36ರಲ್ಲಿ 18 ಬಂದರೆ ಸಾಕು ಎನ್ನುವುದು ರೂಢಿ, ಆದರೆ ಕೂಟವಾರು ಪಟ್ಟಿ (ಗಣ, ನಾಡಿ ಮುಂತಾದ ಒಂದೊಂದು ಅಂಶಕ್ಕೂ ಎಷ್ಟು ಅಂಕ ಬಂತು ಎಂಬುದು) ತೆರೆದು ನೋಡಿ. ಒಂದೇ ಗಣವಾದರೆ 6ಕ್ಕೆ 6. ನಾಡಿಯಲ್ಲಿ ಇದು ಉಲ್ಟಾ: ಇಬ್ಬರದೂ ಒಂದೇ ಆದರೆ 8ಕ್ಕೆ ಸೊನ್ನೆ, ಉಳಿದದ್ದೆಲ್ಲ ಪೂರ್ತಿ ಬಂದರೂ 28 ದಾಟದು. ಜಾತಿ ಒಂದೇ ಇರಲಿ, ಗೋತ್ರ ಬೇರೆ ಇರಲಿ ಎಂದ ಹಿರಿಯರೂ ಬರೀ ಸಾಮ್ಯ ಹುಡುಕಿದವರಲ್ಲ. (ಒಬ್ಬರು ‘ಭಾರದ್ವಾಜ’, ಇನ್ನೊಬ್ಬರು ‘ಭರದ್ವಾಜ’ ಎಂದು ಟೈಪ್ ಮಾಡಿದ್ದರೆ ಸಗೋತ್ರ ಸೋಸುವ ಫಿಲ್ಟರ್ ಕೈಕೊಡುತ್ತದೆ.) ಹುಟ್ಟಿದ ಹೊತ್ತು ಹತ್ತು ನಿಮಿಷ ಆಚೀಚೆಯಾದರೆ ಈ ಅಂಕ ಸಾಮಾನ್ಯವಾಗಿ ಬದಲಾಗದು: ಅದರ ಲೆಕ್ಕ ಚಂದ್ರನಿರುವ ನಕ್ಷತ್ರದ ಮೇಲೆ, ಚಂದ್ರ ಒಂದು ನಕ್ಷತ್ರದಲ್ಲಿ ಸುಮಾರು ಒಂದು ದಿನ ಇರುತ್ತಾನೆ. ಲಗ್ನ (ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುವ ರಾಶಿ) ಸುಮಾರು ಎರಡು ಗಂಟೆಗೊಮ್ಮೆ ಬದಲಾಗುವುದರಿಂದ, ಅದರಿಂದ ಎಣಿಸುವ ಕುಜದೋಷದ ಫಲಿತಾಂಶ ಮಾತ್ರ ತಿರುಗಿಬೀಳಬಹುದು.

ಹವ್ಯಾಸ ನೋಡಿ ಕೊಡುವ ಶೇಕಡಾವಾರು ಅಂಕವನ್ನು ಮರೆತುಬಿಡಿ. ಸಂಗೀತ, ಪ್ರವಾಸ ಎಂದು ಬರೆಯದವರು ಯಾರಿದ್ದಾರೆ? ಮನೋವಿಜ್ಞಾನಿ ಮೊಂಟೊಯಾ ಮತ್ತು ಸಂಗಡಿಗರು 2008ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದಾಗ, ನಿಜವಾದ ಸಾಮ್ಯ ಮೊದಲ ಭೇಟಿಗಳ ಆಕರ್ಷಣೆಗೆ ನೆರವಾಗುತ್ತದೆ, ಆಗಲೇ ಕೂಡಿ ಬಾಳುತ್ತಿರುವವರಲ್ಲಿ ಅದರ ಪ್ರಭಾವ ಕಾಣುವುದಿಲ್ಲ ಎಂದು ತಿಳಿಯಿತು. ಅವರಲ್ಲಿ ಲೆಕ್ಕಕ್ಕೆ ಬರುವುದು ‘ನಾವಿಬ್ಬರೂ ಒಂದೇ ಥರ’ ಎಂಬ ಅನಿಸಿಕೆ. ಸಂಬಂಧಗಳನ್ನು ಅಧ್ಯಯನ ಮಾಡುವ ಮನೋವಿಜ್ಞಾನಿ ಸಮಂತಾ ಜೋಯೆಲ್ ಮತ್ತಿತರರು 2020ರಲ್ಲಿ 11,196 ಜೋಡಿಗಳ ಮಾಹಿತಿ ಜಾಲಾಡಿದರು. ತೃಪ್ತಿಯನ್ನು ಚೆನ್ನಾಗಿ ಸೂಚಿಸಿದ್ದು ಸಂಗಾತಿಯ ಬದ್ಧತೆಯ ಮೇಲಿನ ನಂಬಿಕೆ, ಮೆಚ್ಚುಗೆ, ಲೈಂಗಿಕ ತೃಪ್ತಿ, ಜಗಳದ ಪ್ರಮಾಣ. ಇವಕ್ಕೆ ಫಾರಂನಲ್ಲಿ ಕಾಲಂ ಇಲ್ಲ, ಇರಲು ಸಾಧ್ಯವೂ ಇಲ್ಲ: ಇಬ್ಬರು ಕೂಡಿದ ಮೇಲೆ ಹುಟ್ಟುವಂಥವು.

ಹಾಗಾಗಿ ದುಡ್ಡು ಕೊಡುವುದಾದರೆ ಫೋನ್ ನಂಬರ್ ತೆರೆಯುವ ಸವಲತ್ತಿಗೆ ಕೊಡಿ, ‘ವಿಶೇಷ ಹೊಂದಾಣಿಕೆ’ಗೆ ಬೇಡ. ಕಡಿಮೆ ಅವಧಿಯ ಪ್ಲಾನ್ ಸಾಕು. ಆಟೋ ರಿನ್ಯೂವಲ್ ಇದ್ದರೆ ಹಣ ಕಟ್ಟಿದ ದಿನವೇ ಆಫ್ ಮಾಡಿ.